ಬೆಳಿಗ್ಗೆ ಬಿಟ್ಟ ಸೆಟ್ಟು, ಸಂಜೆಗೆ

ಬೆಳಿಗ್ಗೆ ಆರೂಮುಕ್ಕಾಲು. ಬಡಾವಣೆಯ ಮೂರನೇ ಮಹಡಿಯ ಜಿಮ್ಮಿನಲ್ಲಿ ಕಿಟಕಿಗಳೆಲ್ಲ ತೆರೆದಿವೆ. ಕೆಳಗಿನ ದರ್ಶಿನಿಯಿಂದ ಸಾಂಬಾರಿನ ವಾಸನೆ ಮೇಲಕ್ಕೆ ಬರುತ್ತಿದೆ. ಮೂಲೆಯ ರ‍್ಯಾಕಿನ ಮುಂದೆ ನಲವತ್ತರ ಆಸುಪಾಸಿನ ಒಬ್ಬರು ನಿಂತಿದ್ದಾರೆ. ಬಾರಿನ ಎರಡು ತುದಿಗೂ ಇಪ್ಪತ್ತು ಕೆ.ಜಿ.ಯ ಒಂದೊಂದು ಪ್ಲೇಟು. ಬಾರೂ ಸೇರಿ ಅರವತ್ತು. ಐದು ಸೆಟ್ ಸ್ಕ್ವಾಟ್‌ನಲ್ಲಿ ಮೂರು ಮುಗಿದಿವೆ. ನಾಲ್ಕನೆಯದಕ್ಕೆ ಬೆಲ್ಟು ಬಿಗಿದುಕೊಳ್ಳುವಾಗ ಬೆಂಚಿನ ಮೇಲಿಟ್ಟ ಫೋನು ಗುಂಯ್‌ಗುಡುತ್ತದೆ. ಮನೆಯಿಂದ. ಮಗಳ ಸ್ಕೂಲ್ ವ್ಯಾನು ಕೆಟ್ಟು ನಿಂತಿದೆಯಂತೆ, ಇವತ್ತು ಅಪ್ಪನೇ ಬಿಡಬೇಕು.

ಪ್ಲೇಟು ಬಿಚ್ಚಿಟ್ಟು, ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಡುವಾಗ ಟ್ರೇನರ್‌ನನ್ನು ಕೇಳುತ್ತಾರೆ: "ಸಂಜೆ ಬಂದು ಉಳಿದಿದ್ದು ಮುಗಿಸ್ಲಾ?"

"ಬೇಡ ಸಾರ್, ಫ್ಲೋ ಕಟ್ಟಾಯ್ತಲ್ಲ. ನಾಳೆ ಮೊದಲಿಂದ ಮಾಡಿ."

ಟ್ರೆಡ್‌ಮಿಲ್ ಮೇಲಿದ್ದ ಹಿರಿಯರೊಬ್ಬರು ದನಿಗೂಡಿಸುತ್ತಾರೆ: "ತಣ್ಣಗಾದ ಮೈಗೆ ಭಾರ ಹಾಕಬೇಡಿ ಸ್ವಾಮಿ. ನರ ಹಿಡ್ಕೊಂಡ್ರೆ ತಿಂಗಳು ಏಳಕ್ಕಾಗಲ್ಲ."

ಮೆಟ್ಟಿಲಿಳಿಯುವ ಮನುಷ್ಯನ ಮನಸ್ಸಿನಲ್ಲಿ ಉಳಿಯುವುದು ಒಂದೇ ಮಾತು: ಇವತ್ತಿನದು ದಂಡ ಆಯಿತು. ನಾನೂ ವರ್ಷಗಟ್ಟಲೆ ಹಾಗೇ ನಂಬಿದ್ದೆ. ಅರ್ಧಕ್ಕೆ ನಿಂತ ದಿನವನ್ನು ಪುಸ್ತಕದಲ್ಲಿ ಅಡ್ಡಗೆರೆ ಹೊಡೆದು ಅಳಿಸಿಬಿಡುತ್ತಿದ್ದೆ. ಹಾಗೆ ಹೊಡೆದ ಗೆರೆಗಳೇ ವಾರಕ್ಕೊಂದರಂತೆ ಬೆಳೆದು, ಕೊನೆಗೆ ಜಿಮ್ಮಿನ ದಾರಿಯೇ ಮರೆತುಹೋಗುವುದನ್ನು ನನ್ನಲ್ಲೂ ಕಂಡಿದ್ದೇನೆ, ಸ್ನೇಹಿತರಲ್ಲೂ ಕಂಡಿದ್ದೇನೆ. ಆದ್ದರಿಂದ ಈ ಪ್ರಶ್ನೆ ಸಣ್ಣದಲ್ಲ. ಬೆಳಿಗ್ಗೆ ನಿಂತದ್ದನ್ನು ಸಂಜೆ ಮುಂದುವರಿಸಬಹುದೇ? ಬಹುದು. ಹೇಗೆ, ಯಾಕೆ, ಯಾವಾಗ ಕೂಡದು ಎಂಬುದನ್ನು ತಿಳಿಯಲು ಸ್ನಾಯುವಿನೊಳಗೆ ಏನು ನಡೆಯುತ್ತದೆಂದು ಸ್ವಲ್ಪ ನೋಡಬೇಕು.

ಉಳಿಯುವುದು, ಆರಿಹೋಗುವುದು

ಭಾರ ಎತ್ತುವ ಮೊದಲ ಕೆಲವು ಸೆಕೆಂಡುಗಳಿಗೆ ಬೇಕಾದ ಶಕ್ತಿ ಸ್ನಾಯುವಿನಲ್ಲೇ ಕೂಡಿಟ್ಟ ಕ್ರಿಯಾಟಿನ್ ಫಾಸ್ಫೇಟ್ ಎಂಬ ವಸ್ತುವಿನಿಂದ ಬರುತ್ತದೆ. ಕಷ್ಟದ ಒಂದು ಸೆಟ್ಟಿನಲ್ಲಿ ಅದರ ಬಹುಪಾಲು ಕರಗುತ್ತದೆ. ಮೂರರಿಂದ ಐದು ನಿಮಿಷ ಕೂತರೆ ಬಹುಮಟ್ಟಿಗೆ ಮತ್ತೆ ತುಂಬಿಕೊಳ್ಳುತ್ತದೆ. ಸೆಟ್ಟುಗಳ ನಡುವೆ ಕೂರಿಸುವುದು ಇದಕ್ಕಾಗಿಯೇ. ಉರಿ ಬರುವಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟ್ ಕೂಡ ಸುಮಾರು ಒಂದು ಗಂಟೆಯೊಳಗೆ ಹಳೆಯ ಮಟ್ಟಕ್ಕೆ ಇಳಿದಿರುತ್ತದೆ. ಅಂದರೆ ಬೆಳಿಗ್ಗೆ ಏಳಕ್ಕೆ ಬಿಟ್ಟು ಸಂಜೆ ಆರಕ್ಕೆ ಬಂದವರ ಸ್ನಾಯುವಿನಲ್ಲಿ ಈ ತಕ್ಷಣದ ಇಂಧನಕ್ಕೆ ಕೊರತೆಯಿರುವುದಿಲ್ಲ.

ಮಾಡಿದ ಕೆಲಸವೂ ಅಳಿಸಿಹೋಗುವುದಿಲ್ಲ. ಭಾರ ಹೊತ್ತ ಸ್ನಾಯು ಹೊಸ ಪ್ರೋಟೀನ್ ಕಟ್ಟಿಕೊಳ್ಳುವ ವೇಗವನ್ನು ಹೆಚ್ಚಿಸಿಕೊಳ್ಳುತ್ತದೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 1995ರಲ್ಲಿ ತೋಳಿನ ಸ್ನಾಯುವಿನಲ್ಲಿ ಇದನ್ನು ಅಳೆದರು. ವ್ಯಾಯಾಮವಾದ 4 ಗಂಟೆಗೆ ಈ ವೇಗ ಶೇ 50ರಷ್ಟು, 24 ಗಂಟೆಗೆ ಶೇ 109ರಷ್ಟು ಹೆಚ್ಚಿತ್ತು. 36 ಗಂಟೆಯ ಹೊತ್ತಿಗೆ ಹೆಚ್ಚುಕಮ್ಮಿ ಮೊದಲಿನಂತಾಯಿತು. ಬೆಳಿಗ್ಗೆಯ ಮೂರು ಸೆಟ್ಟು ಹಚ್ಚಿದ ಒಲೆ ಸಂಜೆಗೂ ಉರಿಯುತ್ತಲೇ ಇರುತ್ತದೆ. ನೀವು ಸಂಜೆ ಹಾಕುವುದು ಅದೇ ಒಲೆಗೆ ಇನ್ನೆರಡು ಸೌದೆ.

ಆರಿಹೋಗುವುದು ಬೇರೊಂದಿದೆ: ಬಿಸಿ. ಟ್ರೆಡ್‌ಮಿಲ್ ಮೇಲಿನ ಹಿರಿಯರ ಮಾತಿನಲ್ಲಿ ಅರ್ಧ ಸತ್ಯವಿರುವುದು ಇಲ್ಲೇ. ವಾರ್ಮ್‌ಅಪ್ ಮಾಡಿದಾಗ ತೊಡೆಯ ಸ್ನಾಯು ನಿಜವಾಗಿಯೂ ಬಿಸಿಯಾಗುತ್ತದೆ. ಬಿಸಿ ಸ್ನಾಯು ಬೇಗ ಕುಗ್ಗುತ್ತದೆ, ಸಲೀಸಾಗಿ ಹಿಗ್ಗುತ್ತದೆ, ನರದ ಆಜ್ಞೆಗೆ ಚುರುಕಾಗಿ ಓಗೊಡುತ್ತದೆ. ನಿಲ್ಲಿಸಿದ ಕೂಡಲೇ ಈ ಬಿಸಿ ಇಳಿಯತೊಡಗುತ್ತದೆ, ಅದೂ ನಾವು ಅಂದುಕೊಂಡದ್ದಕ್ಕಿಂತ ಬೇಗ. ಡೆನ್ಮಾರ್ಕಿನ ಫುಟ್‌ಬಾಲ್ ಆಟಗಾರರಲ್ಲಿ ಅಳೆದು ನೋಡಿದಾಗ, ಹದಿನೈದು ನಿಮಿಷದ ವಿರಾಮದಲ್ಲಿ ಸುಮ್ಮನೆ ಕೂತವರ ತೊಡೆಯ ಉಷ್ಣತೆ ಸುಮಾರು ಎರಡು ಡಿಗ್ರಿ ಇಳಿದಿತ್ತು, ಎರಡನೇ ಅವಧಿಯ ಶುರುವಿಗೆ ಅವರ ಓಟವೂ ನಿಧಾನವಾಗಿತ್ತು. ವಿರಾಮದಲ್ಲೇ ಮೆಲ್ಲಗೆ ಓಡಾಡಿ ಮೈ ಬಿಸಿಯಾಗಿಟ್ಟುಕೊಂಡವರ ಓಟ ಕುಂದಲಿಲ್ಲ.

ಹದಿನೈದು ನಿಮಿಷಕ್ಕೇ ಹೀಗಾದರೆ ಹನ್ನೊಂದು ಗಂಟೆಗೆ ಹೇಳುವುದೇನು! ಸಂಜೆ ಬಂದವರ ಮೈ ಬೆಳಿಗ್ಗೆ ವ್ಯಾಯಾಮವನ್ನೇ ಮಾಡದವರಷ್ಟು ತಣ್ಣಗಿರುತ್ತದೆ. ಕೆಲಸ ಉಳಿಯುತ್ತದೆ, ಬಿಸಿ ಉಳಿಯುವುದಿಲ್ಲ. ಇಡೀ ವಿಷಯದ ಕೀಲಿ ಇದು. ಲೆಕ್ಕ ಬಿಟ್ಟಲ್ಲಿಂದ ಶುರುವಾಗಬೇಕು, ಮೈ ಮಾತ್ರ ಮೊದಲಿಂದ ಶುರುವಾಗಬೇಕು.

ಗರಡಿಯ ಎರಡು ಹೊತ್ತು

ದಿನದ ಕಸರತ್ತನ್ನು ಎರಡು ಹೊತ್ತಿಗೆ ಹಂಚುವುದು ನಮ್ಮ ನೆಲಕ್ಕೆ ಹೊಸದೇನಲ್ಲ. ಗರಡಿ ಮನೆಯ ದಿನಚರಿಯೇ ಹಾಗಿತ್ತು. ನಸುಕಿಗೆದ್ದು ಮಟ್ಟಿಗಿಳಿದು ಕುಸ್ತಿಯ ಪಟ್ಟುಗಳು. ಸಂಜೆ ಸಾಮು, ಅಂದರೆ ದಂಡ, ಬಸ್ಕಿ, ಗದೆ. ನಡುವೆ ಊಟ, ಹಾಲು, ಬಾದಾಮಿ, ಮತ್ತು ಗಡದ್ದಾಗಿ ನಿದ್ದೆ. ಮೈಸೂರಿನ ಹಳೆಯ ಗರಡಿಗಳಿರಲಿ, ಬೆಳಗಾವಿ-ಧಾರವಾಡದ ಕಡೆಯ ತಾಲೀಮು ಮನೆಗಳಿರಲಿ, ಒಂದೇ ಏಟಿಗೆ ಎಲ್ಲವನ್ನೂ ಮುಗಿಸಬೇಕೆಂಬ ಅವಸರ ಉಸ್ತಾದರಿಗೆ ಇರಲಿಲ್ಲ.

ಗರಡಿಗೆ ಹೋದವರು ಒಂದು ವಿಷಯ ಗಮನಿಸಿರುತ್ತಾರೆ. ಸಂಜೆ ಬಂದ ಪೈಲ್ವಾನ ನೇರ ಹೋಗಿ ಭಾರದ ಗದೆಗೆ ಕೈ ಹಾಕುವುದಿಲ್ಲ. ಮೊದಲು ಹನುಮಂತನ ಪಟಕ್ಕೆ ಕೈ ಮುಗಿಯುತ್ತಾನೆ. ಆಮೇಲೆ ನಿಧಾನಕ್ಕೆ ಹತ್ತು ಬಸ್ಕಿ, ಇನ್ನು ಹತ್ತು, ಉಸಿರು ಹದಕ್ಕೆ ಬಂದ ಮೇಲೆ ದಂಡ. ಹಣೆಯ ಮೇಲೆ ಬೆವರು ಮೂಡಿದ ನಂತರವೇ ಗದೆ. ಬೆಳಿಗ್ಗೆ ಎಷ್ಟೇ ಬೆವರು ಸುರಿಸಿದ್ದರೂ ಸಂಜೆಯ ಬೆವರನ್ನು ಹೊಸದಾಗಿ ತರಿಸಬೇಕು ಎಂಬುದು ಅಲ್ಲಿ ಬಾಯಿಪಾಠವಲ್ಲ, ಅಭ್ಯಾಸ.

ಆಧುನಿಕ ಭಾರ ಎತ್ತುವಿಕೆಯಲ್ಲಿ ದಿನ ಹಂಚುವ ಈ ಕ್ರಮವನ್ನು ತುದಿಗೆ ಒಯ್ದವರು ಬಲ್ಗೇರಿಯಾದವರು. ಕೋಚ್ ಇವಾನ್ ಅಬಾಜೀವ್ ತಮ್ಮ ಹುಡುಗರ ದಿನವನ್ನು ಅನೇಕ ತುಂಡು ಮಾಡಿದರು: ಅರ್ಧ-ಮುಕ್ಕಾಲು ಗಂಟೆ ಅಭ್ಯಾಸ, ವಿರಾಮ, ಮತ್ತೆ ಅಭ್ಯಾಸ, ಸಂಜೆಗೆ ಮತ್ತೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಆ ಸಣ್ಣ ದೇಶ ಭಾರ ಎತ್ತುವುದರಲ್ಲಿ ಮೂರು ಚಿನ್ನ ಗೆದ್ದಾಗ ಜಗತ್ತು ತಿರುಗಿ ನೋಡಿತು. ಆ ಕಥೆಗೆ ಕಪ್ಪು ಮಗ್ಗುಲೂ ಇದೆ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಇಬ್ಬರು ಮದ್ದುಪರೀಕ್ಷೆಯಲ್ಲಿ ಸಿಕ್ಕಿಬಿದ್ದು, ಇಡೀ ತಂಡವೇ ಹಿಂದೆ ಸರಿಯಿತು. ಆದ್ದರಿಂದ ಅವರ ಭಾರ, ಅವರ ಲೆಕ್ಕ ನಮಗೆ ಮಾದರಿಯಲ್ಲ. ತುಂಡಾದ ದಿನದಲ್ಲೂ ಶಕ್ತಿ ಬೆಳೆಯುತ್ತದೆ ಎಂಬಷ್ಟಕ್ಕೆ ಮಾತ್ರ ಅದನ್ನು ನೆನೆಯಬೇಕು.

ಸ್ಪರ್ಧೆಯಲ್ಲೇ ನೋಡಿ. ಕುಂದಾಪುರ ತಾಲ್ಲೂಕಿನ ಗುರುರಾಜ ಪೂಜಾರಿ 2018ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು. ಆ 249 ಒಂದೇ ಉಸಿರಿನಲ್ಲಿ ಬಂದದ್ದಲ್ಲ. ಸ್ನ್ಯಾಚ್‌ನಲ್ಲಿ 111, ಕ್ಲೀನ್ ಅಂಡ್ ಜರ್ಕ್‌ನಲ್ಲಿ 138. ಒಂದೊಂದಕ್ಕೆ ಮೂರು ಅವಕಾಶ, ಎರಡರ ನಡುವೆ ವಿರಾಮ. ಬೇರೆ ಸ್ಪರ್ಧಿಗಳು ಭಾರ ಬದಲಿಸುತ್ತಾ ಹೋದರೆ ತನ್ನ ಸರದಿಗೆ ಎಷ್ಟು ಹೊತ್ತು ಕಾಯಬೇಕೋ ಗೊತ್ತಿರುವುದಿಲ್ಲ. ಕಾಯುವಿಕೆ ಉದ್ದವಾಯಿತೆಂದರೆ ವೇದಿಕೆಯ ಹಿಂದೆ ಕೋಚ್ ಹಗುರವಾದ ಒಂದು ಎತ್ತು ಎತ್ತಿಸಿ ಮೈ ಆರದಂತೆ ನೋಡಿಕೊಳ್ಳುತ್ತಾರೆ. ತಡೆ ಬರುವುದು ಅವರಿಗೆ ಅಪಶಕುನವಲ್ಲ, ಆಟದ ಭಾಗ.

ಎರಡು ಹೊತ್ತಿನ ಪರೀಕ್ಷೆ

ಒಂದೇ ಪ್ರಮಾಣದ ಕಸರತ್ತನ್ನು ದಿನಕ್ಕೊಮ್ಮೆ ಮಾಡಿದರೆ ಒಳ್ಳೆಯದೋ, ಎರಡು ಹೊತ್ತಿಗೆ ಹಂಚಿದರೆ ಒಳ್ಳೆಯದೋ ಎಂದು ವಿಜ್ಞಾನಿಗಳು ನೇರವಾಗಿಯೇ ಕೇಳಿದ್ದಾರೆ. ಫಿನ್ಲೆಂಡಿನ ಕೆಯೊ ಹಾಕ್ಕಿನೆನ್ ಮತ್ತು ಸಂಗಡಿಗರು 1994ರಲ್ಲಿ ಮಹಿಳಾ ಕ್ರೀಡಾಪಟುಗಳ ಸಣ್ಣ ಗುಂಪಿನಲ್ಲಿ ಇದನ್ನು ನೋಡಿದರು. ಎರಡು ಹೊತ್ತಿಗೆ ಹಂಚಿದ ಅವಧಿಯಲ್ಲಿ ತೊಡೆಯ ಸ್ನಾಯುವಿನ ಗಾತ್ರವೂ ಬಲವೂ ಹೆಚ್ಚು ಬೆಳೆದಿದ್ದವು. 2007ರಲ್ಲಿ ಅಮೆರಿಕದಲ್ಲಿ ರಾಷ್ಟ್ರಮಟ್ಟದ ಭಾರ ಎತ್ತುವ ಪುರುಷರ ಮೇಲೆ ನಡೆದ ಇಂಥದೇ ಪರೀಕ್ಷೆಯಲ್ಲಿ ಎರಡೂ ಕ್ರಮಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಎರಡೂ ಚಿಕ್ಕ ಅಧ್ಯಯನಗಳು. ಹಂಚಿದರೆ ಲಾಭವೇ ಎಂದು ಇವುಗಳ ಆಧಾರದ ಮೇಲೆ ಸಾರಲಾಗದು. ಆದರೆ ನಮ್ಮ ಪ್ರಶ್ನೆ ಲಾಭದ್ದಲ್ಲ, ನಷ್ಟದ್ದು. ಹಂಚಿದ್ದರಿಂದ ನಷ್ಟವಾಯಿತೆಂದು ಎರಡರಲ್ಲೂ ಕಂಡಿಲ್ಲ. ನನಗೆ ಅಷ್ಟು ಸಾಕು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕವೂ ಇದೇ ಕಡೆಗೆ ವಾಲಿದೆ. ನಡಿಗೆ, ಓಟದಂಥ ಚಟುವಟಿಕೆ ಒಂದೇ ಸಮನೆ ಕನಿಷ್ಠ ಹತ್ತು ನಿಮಿಷವಾದರೂ ನಡೆದರೆ ಮಾತ್ರ ಲೆಕ್ಕಕ್ಕೆ ಎಂದು 2010ರ ಮಾರ್ಗಸೂಚಿ ಹೇಳುತ್ತಿತ್ತು. 2020ರ ಮಾರ್ಗಸೂಚಿ ಆ ಷರತ್ತನ್ನೇ ತೆಗೆದುಹಾಕಿತು. ಸ್ನಾಯು ಬಲಪಡಿಸುವ ವ್ಯಾಯಾಮ ವಾರಕ್ಕೆ ಎರಡು ದಿನವಾದರೂ ಇರಲಿ ಎನ್ನುತ್ತದೆ; ಒಂದೇ ಪಟ್ಟಿನಲ್ಲಿ ಮುಗಿಯಬೇಕು ಎನ್ನುವುದಿಲ್ಲ.

ಇನ್ನೊಂದು ಲಾಭವಿದೆ, ಅದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಸೋಮ, ಬುಧ, ಶುಕ್ರ ವ್ಯಾಯಾಮ ಮಾಡುವವರನ್ನು ತೆಗೆದುಕೊಳ್ಳಿ. ಸೋಮವಾರದ ಉಳಿಕೆಯನ್ನು ಮಂಗಳವಾರಕ್ಕೆ ತಳ್ಳಿದರೆ ವಿಶ್ರಾಂತಿಯ ದಿನ ಹಾಳು. ಬುಧವಾರಕ್ಕೆ ಮೈ ಇನ್ನೂ ದಣಿದಿರುತ್ತದೆ. ವ್ಯಾಯಾಮದ ಮೈನೋವು ಬಹುತೇಕ ಮರುದಿನ ಶುರುವಾಗಿ ಎರಡು-ಮೂರನೇ ದಿನ ಜೋರಾಗುತ್ತದೆ. ಸೋಮವಾರ ಸಂಜೆಯೇ ಮುಗಿಸಿದರೆ ಆ ನೋವು ಏಳುವ ಮೊದಲೇ ಕೆಲಸ ಮುಗಿದಿರುತ್ತದೆ, ಮಂಗಳವಾರ ಇಡಿಯಾಗಿ ವಿಶ್ರಾಂತಿಗೆ ಸಿಗುತ್ತದೆ. ವಾರದ ಹೆಣಿಗೆ ಕೆಡುವುದಿಲ್ಲ.

ಎಚ್ಚರವೂ ಇದರ ಬೆನ್ನಿಗೇ ಇದೆ. ಸಂಜೆಗೆ ನೋವಿಲ್ಲ ಎಂದರೆ ದಣಿವಿಲ್ಲ ಎಂದಲ್ಲ. ಬೆಳಿಗ್ಗೆ ಕಾಲು ನಡುಗುವವರೆಗೆ ಬಸ್ಕಿ ಹೊಡೆದಿದ್ದರೆ ಆ ತೊಡೆಗಳ ಪೂರ್ತಿ ಬಲ ಅದೇ ಸಂಜೆಗೆ ವಾಪಸಾಗಿರುವುದಿಲ್ಲ, ನೋವಿಲ್ಲದಿದ್ದರೂ.

ಎಲ್ಲಿಂದ ಶುರು ಮಾಡುವುದು

ತಡೆ ಎಷ್ಟು ಹೊತ್ತಿನದು ಎನ್ನುವುದರ ಮೇಲೆ ಇದು ನಿಂತಿದೆ. ಫೋನು ಮಾತಾಡಿ ಹತ್ತು ನಿಮಿಷಕ್ಕೆ ವಾಪಸಾದವರಿಗೆ ಹಗುರ ಭಾರದ ಒಂದು ಸೆಟ್ ಸಾಕು, ಆಮೇಲೆ ಬಿಟ್ಟಲ್ಲಿಗೇ ಹೋಗಬಹುದು. ಅರ್ಧ-ಮುಕ್ಕಾಲು ಗಂಟೆ ಆಯಿತೆಂದರೆ ವಾರ್ಮ್‌ಅಪ್‌ನ ಅರ್ಧವನ್ನಾದರೂ ಮತ್ತೆ ಮಾಡಬೇಕು. ಎರಡು ಗಂಟೆ ದಾಟಿದ ಮೇಲೆ ನಾನು ಅದನ್ನು ಹೊಸ ಹೊತ್ತಿನ ಕೆಲಸವೆಂದೇ ತಿಳಿಯುತ್ತೇನೆ.

ನಮ್ಮ ಅರವತ್ತು ಕೆ.ಜಿ.ಯವರು ಸಂಜೆ ಆರಕ್ಕೆ ಬಂದರೆನ್ನಿ. ಇಡೀ ದಿನ ಕುರ್ಚಿಯಲ್ಲಿ ಕೂತ ಮೈ, ಮೇಲೆ ಒಂದು ಗಂಟೆ ಟ್ರಾಫಿಕ್ಕು. ಸೊಂಟದ ಮುಂಭಾಗ ಬಿಗಿದಿರುತ್ತದೆ, ಬೆನ್ನು ಮರಗಟ್ಟಿರುತ್ತದೆ. ಐದು ನಿಮಿಷ ಚುರುಕು ನಡಿಗೆಯೋ ಸೈಕಲ್ಲೋ. ಕೈ ಬೀಸಿ, ಸೊಂಟ ತಿರುಗಿಸಿ, ಭಾರವಿಲ್ಲದೆ ಹತ್ತು-ಹದಿನೈದು ಬಸ್ಕಿ. ಬಳಿಕ ಬರೀ ಬಾರು, ಇಪ್ಪತ್ತು ಕೆ.ಜಿ., ಎಂಟು ಸಲ. ನಲವತ್ತು, ಐದು ಸಲ. ಐವತ್ತು, ಮೂರು ಸಲ. ಇಲ್ಲಿ ನಿಂತು ಮೈಯನ್ನು ಕೇಳಬೇಕು. ಐವತ್ತು ಬೆಳಿಗ್ಗೆಯಷ್ಟೇ ಸಲೀಸಾಗಿ ಎದ್ದಿತೇ? ಎದ್ದರೆ ಅರವತ್ತು ಹಾಕಿ ಉಳಿದೆರಡು ಸೆಟ್ ಮುಗಿಸಲಿ. ಮೇಲೇಳುವಾಗ ಬಾರು ನಿಧಾನವಾಯಿತು, ಮೊಣಕಾಲು ಒಳಗೆ ವಾಲಿತು ಎಂದಾದರೆ ಐವತ್ತೈದಕ್ಕೆ ಇಳಿಸಲಿ. ಅದೂ ಭಾರವೆನಿಸಿದರೆ ಸ್ಕ್ವಾಟ್ ಅಲ್ಲಿಗೆ ಬಿಟ್ಟು ಬೆಂಚ್ ಪ್ರೆಸ್‌ಗೆ ಹೋಗಲಿ.

ನನ್ನ ಅಭಿಪ್ರಾಯ ಕೇಳಿದರೆ, ಬೆಳಿಗ್ಗೆ ಮುಟ್ಟದೇ ಉಳಿದ ಸ್ನಾಯುಗಳಿಗೆ ಸಂಜೆ ಮೊದಲ ಮರ್ಯಾದೆ. ಮೂರು ಸೆಟ್ ಸ್ಕ್ವಾಟ್ ಮಾಡಿಸಿಕೊಂಡ ಕಾಲುಗಳಿಗೆ ಅಂದಿನ ಪಾಲು ಬಹುಮಟ್ಟಿಗೆ ಸಂದಿದೆ. ಎದೆಗೂ ಬೆನ್ನಿಗೂ ಏನೂ ಸಿಕ್ಕಿಲ್ಲ. ಒಂದೇ ಪಟ್ಟಿನಲ್ಲಿ ಮಾಡಿದ್ದರೆ ಬೆಂಚ್ ಪ್ರೆಸ್ ದಣಿದ ಮೈಗೆ ಮೂರನೆಯದೋ ನಾಲ್ಕನೆಯದೋ ಆಗಿ ಬರುತ್ತಿತ್ತು. ಈಗ ತಾಜಾ ಮೈಗೆ ಮೊದಲನೆಯದಾಗಿ ಬರುತ್ತದೆ. ಒಂದೆರಡು ಸಲ ಹೆಚ್ಚೇ ಎದ್ದರೂ ಆಶ್ಚರ್ಯವಿಲ್ಲ. ಮೈಯ ಉಷ್ಣತೆ ದಿನದಲ್ಲಿ ಅತಿ ಹೆಚ್ಚಿರುವುದು ಸಂಜೆಯ ಹೊತ್ತಿಗೆ. ಬಹಳ ಮಂದಿಯ ಬಲವೂ ಆಗ ಬೆಳಿಗ್ಗೆಗಿಂತ ತುಸು ಮೇಲಿರುತ್ತದೆ.

ಡೆಡ್‌ಲಿಫ್ಟ್ ಉಳಿದಿದ್ದರಂತೂ ಸಂಜೆಯೇ ವಾಸಿ. ರಾತ್ರಿ ಮಲಗಿದಾಗ ಬೆನ್ನುಮೂಳೆಯ ನಡುವಿನ ಡಿಸ್ಕುಗಳು ನೀರು ಹೀರಿ ಉಬ್ಬುತ್ತವೆ. ಎದ್ದ ಮೊದಲ ಗಂಟೆಯಲ್ಲಿ ಬಗ್ಗುವುದು ಬೆನ್ನಿಗೆ ಹೆಚ್ಚು ಒತ್ತಡ ತರುವುದು ಅದಕ್ಕೇ. ಓಡಾಡಿಕೊಂಡಿದ್ದ ಮೈಗೆ ಸಂಜೆಯ ಹೊತ್ತಿಗೆ ಆ ಬಿಗಿ ಇಳಿದಿರುತ್ತದೆ.

ಮಾಡಬಾರದ್ದು ಒಂದಿದೆ: ಪ್ರಾಯಶ್ಚಿತ್ತ. ಬೆಳಿಗ್ಗೆ ಬಿಟ್ಟುಹೋದ ತಪ್ಪಿಗೆಂದು ಸಂಜೆ ಐದೂ ಸೆಟ್ಟನ್ನು ಮೊದಲಿಂದ ಮಾಡಿ, ಮೇಲೆ ಇನ್ನೆರಡು ಸೇರಿಸುವವರನ್ನು ಕಂಡಿದ್ದೇನೆ. ಅದರಿಂದ ಬರುವುದು ಬಲವಲ್ಲ, ಮುಂದಿನ ಮೂರು ದಿನ ಮೆಟ್ಟಿಲಿಳಿಯಲಾಗದ ಕಾಲು. ಹೊಸಬರಲ್ಲಿ ಇದು ಇನ್ನೂ ಅಪಾಯ. ಅಭ್ಯಾಸವಿಲ್ಲದ ಮೈಗೆ ಒಮ್ಮೆಲೇ ವಿಪರೀತ ಕೆಲಸ ಹೇರಿದರೆ ಸ್ನಾಯುವಿನ ಎಳೆಗಳು ಒಡೆದು, ಒಳಗಿನ ವಸ್ತು ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲದು. ಮೈ ಊದಿ ವಿಪರೀತ ನೋವು, ಕಡು ಚಹಾ ಬಣ್ಣದ ಮೂತ್ರ ಕಂಡರೆ ಮನೆಮದ್ದು ನೋಡುತ್ತಾ ಕೂರದೆ ಆಸ್ಪತ್ರೆಗೆ ಹೋಗಬೇಕು.

ನಡುವಿನ ಊಟ, ಆಮೇಲಿನ ನಿದ್ದೆ

ಜಿಮ್ಮು ಬಿಟ್ಟ ಅರ್ಧ ಗಂಟೆಯೊಳಗೆ ಪ್ರೋಟೀನ್ ಬೀಳದಿದ್ದರೆ ಎಲ್ಲ ವ್ಯರ್ಥ ಎಂಬ ಆತಂಕ ಹಲವರಿಗಿದೆ. ಪ್ರೋಟೀನ್ ಕಟ್ಟುವ ವೇಗ ದಿನವಿಡೀ ಏರಿರುತ್ತದೆ ಎಂದು ಆಗಲೇ ನೋಡಿದೆವಲ್ಲ. ಗಡಿಯಾರ ಹಿಡಿದು ಓಡಬೇಕಿಲ್ಲ. ಮುಖ್ಯವಾದದ್ದು ದಿನದ ಒಟ್ಟು ಲೆಕ್ಕ. ಸಾಮಾನ್ಯ ವಯಸ್ಕರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುವುದು ಮೈತೂಕದ ಪ್ರತಿ ಕೆ.ಜಿ.ಗೆ 0.83 ಗ್ರಾಂ. ಭಾರ ಎತ್ತಿ ಸ್ನಾಯು ಬೆಳೆಸಬಯಸುವವರಿಗೆ ಸುಮಾರು 1.6 ಗ್ರಾಂವರೆಗೂ ಉಪಯೋಗವಿದೆಯೆಂದು 2018ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಕಂಡುಕೊಂಡರು. ಒಂದು ಮೊಟ್ಟೆಯಲ್ಲಿ ಆರು ಗ್ರಾಂ, ಒಂದು ಲೋಟ ಹಾಲಿನಲ್ಲಿ ಆರೇಳು ಗ್ರಾಂ ಎಂದು ಇಟ್ಟುಕೊಂಡರೆ, ಬರೀ ಅನ್ನ-ತಿಳಿಸಾರಿನಲ್ಲಿ ಆ ಲೆಕ್ಕ ಮುಟ್ಟುವುದು ಕಷ್ಟವೆಂದು ಗೊತ್ತಾಗುತ್ತದೆ. ಉಸಲಿ, ಮೊಳಕೆಕಾಳು, ಮೊಸರು, ಮೀನು, ಮೊಟ್ಟೆ, ಅವರವರ ಅಡುಗೆಮನೆಯಲ್ಲಿ ಇರುವುದು ತಟ್ಟೆಗೆ ಇನ್ನಷ್ಟು ಬರಲಿ.

ಅನ್ನವನ್ನೂ ಮುದ್ದೆಯನ್ನೂ ಬಿಡಬೇಡಿ. ಸ್ನಾಯುವಿನಲ್ಲಿ ಕೂಡಿಟ್ಟ ಪಿಷ್ಟರೂಪದ ಇಂಧನ, ಗ್ಲೈಕೋಜೆನ್, ಒಂದು ಪೂರ್ತಿ ವ್ಯಾಯಾಮದಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಖರ್ಚಾಗಬಹುದು. ಮಧ್ಯಾಹ್ನದ ಊಟ ಅದನ್ನು ತುಂಬುತ್ತದೆ. ಊಟ ಬಿಟ್ಟು ಸಂಜೆ ಬರೀ ಹೊಟ್ಟೆಯಲ್ಲಿ ಬಾರಿನ ಕೆಳಗೆ ನಿಲ್ಲುವುದು ಬೇಡ. ಹೊಟ್ಟೆ ಬಿರಿಯುವಂತೆ ಉಂಡಿದ್ದರೆ ಎರಡು-ಮೂರು ಗಂಟೆ ಬಿಡಿ. ಸಂಜೆಗೆ ಒಂದು ಬಾಳೆಹಣ್ಣು ಸಾಕಾಗುತ್ತದೆ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರು ಎರಡನೇ ಹೊತ್ತಿನ ವ್ಯಾಯಾಮಕ್ಕೆ ಮೊದಲು ವೈದ್ಯರ ಮಾತು ಕೇಳಿಕೊಳ್ಳಬೇಕು. ಒಂದೇ ದಿನ ಎರಡು ಸಲ ಮೈ ದಣಿದರೆ ರಾತ್ರಿ ಮಲಗಿದಾಗ ಸಕ್ಕರೆ ತೀರಾ ಇಳಿಯಬಹುದು.

ರಾತ್ರಿ ವ್ಯಾಯಾಮ ಮಾಡಿದರೆ ನಿದ್ದೆ ಬಾರದು ಎನ್ನುವುದು ಪೂರ್ತಿ ನಿಜವಲ್ಲ. ಸಂಜೆಯ ವ್ಯಾಯಾಮದಿಂದ ನಿದ್ದೆಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಮಲಗುವ ಹೊತ್ತಿಗೆ ಒಂದು ಗಂಟೆಯೂ ಇಲ್ಲದಿರುವಾಗ ಏದುಸಿರು ಬರುವಂತೆ ಮಾಡಿದರೆ ಮಾತ್ರ ನಿದ್ದೆ ಸತಾಯಿಸುತ್ತದೆ. ನಿದ್ದೆ ಕೆಡಿಸುವುದು ಹೆಚ್ಚಾಗಿ ಆರೂವರೆಗೆ ಹುರುಪಿಗೆಂದು ಕುಡಿದ ಫಿಲ್ಟರ್ ಕಾಫಿ. ಕೆಫೀನಿನ ಅರ್ಧ ಭಾಗ ಇಳಿಯಲು ಸುಮಾರು ಐದು ಗಂಟೆ ಬೇಕು. ಹತ್ತೂವರೆ ದಾಟಿದೆ, ಇನ್ನು ಮಲಗಬೇಕು ಎನ್ನುವಾಗ ಉಳಿದ ಸೆಟ್ಟಿಗೆ ಕೈ ಹಾಕಬೇಡಿ. ಎರಡು ಸೆಟ್ಟಿಗಿಂತ ಆ ರಾತ್ರಿಯ ನಿದ್ದೆ ಸ್ನಾಯುವಿಗೆ ಹೆಚ್ಚು ಕೊಡುತ್ತದೆ.

ಕುಕ್ಕರಿನ ಮೂರನೇ ಕೂಗು

ಅಡ್ಡಿಗಳ ಬಗ್ಗೆ ಮಾತಾಡುವಾಗ ಮನೆಯಲ್ಲೇ ವ್ಯಾಯಾಮ ಮಾಡುವ ಹೆಂಗಸರನ್ನು ಮರೆಯುವಂತಿಲ್ಲ. ಅವರ ವ್ಯಾಯಾಮ ತುಂಡಾಗದ ದಿನವೇ ಅಪರೂಪ. ಹಾಲ್‌ನಲ್ಲಿ ಚಾಪೆ ಹಾಸಿ ಎರಡು ಡಂಬ್‌ಬೆಲ್ ಇಟ್ಟುಕೊಂಡು ಶುರು ಮಾಡಿದರೆ ಮೊದಲ ಸೆಟ್ಟಿಗೆ ಹಾಲಿನವನು, ಎರಡನೆಯದಕ್ಕೆ ಅತ್ತೆಯ ಮಾತ್ರೆ, ಮೂರನೆಯದಕ್ಕೆ ಕುಕ್ಕರಿನ ಮೂರನೇ ಕೂಗು. "ನನಗೆ ಒಂದೇ ಸಮ ಅರ್ಧ ಗಂಟೆ ಸಿಗೋದೇ ಇಲ್ಲ ಕಣ್ರೀ, ಅದಕ್ಕೇ ಬಿಟ್ಟುಬಿಟ್ಟೆ" ಎಂದು ನೆರೆಮನೆಯವರೊಬ್ಬರು ಹೇಳಿದ್ದು ನನ್ನನ್ನು ಬಹಳ ದಿನ ಕಾಡಿತು. ಒಂದೇ ಸಮ ಅರ್ಧ ಗಂಟೆ ಬೇಕೇಬೇಕು ಎಂದು ಅವರಿಗೆ ಹೇಳಿದವರಾರು? ಬಿಡುವಾಗಿ ಒಂದು ಗಂಟೆ ಸಿಗುವವರು ಮಾಡಿದ ನಿಯಮ ಅದು.

ಮುಟ್ಟು ನಿಲ್ಲುವ ವಯಸ್ಸಿನ ಆಸುಪಾಸಿನಲ್ಲಿ ಮೂಳೆ ಸವೆಯುವುದು ಜೋರಾಗುತ್ತದೆ. ಮೂಳೆಯನ್ನೂ ಸ್ನಾಯುವನ್ನೂ ಉಳಿಸಿಕೊಳ್ಳಲು ಭಾರದ ವ್ಯಾಯಾಮ ಬೇಕು, ಅದು ಹೆಚ್ಚು ಬೇಕಾಗಿರುವುದು ಇವರಿಗೇ. ಬೆಳಿಗ್ಗೆ ಅಡುಗೆಗೆ ಮುಂಚೆ ಎರಡು ಸೆಟ್ ಬಸ್ಕಿ. ಮಧ್ಯಾಹ್ನ ಮನೆ ತಣ್ಣಗಾದಾಗ ಗೋಡೆಗೋ ಕಟ್ಟೆಗೋ ಕೈಯೂರಿ ಪುಷ್‌ಅಪ್. ಸಂಜೆ ಡಂಬ್‌ಬೆಲ್ ರೋ. ಹಗುರ ಭಾರ ಮತ್ತು ಮೈಭಾರದ ವ್ಯಾಯಾಮಕ್ಕೆ ಪ್ರತಿ ಸಲವೂ ಉದ್ದದ ವಾರ್ಮ್‌ಅಪ್ ಬೇಕಿಲ್ಲ. ಮನೆಗೆಲಸದಲ್ಲಿ ಓಡಾಡುವ ಮೈ ಅರ್ಧ ಬಿಸಿಯಾಗಿಯೇ ಇರುತ್ತದೆ, ಮೊದಲ ಐದಾರು ಸಲ ನಿಧಾನಕ್ಕೆ ಮಾಡಿದರೆ ಆಯಿತು. ಆ ನೆರೆಮನೆಯವರು ಈಗ ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದಾರೆ. ಒಂದೊಂದು ಸೆಟ್ ಆದ ಹಾಗೆ ಪೆನ್ಸಿಲಿನಲ್ಲಿ ಒಂದು ಗೀಟು. ರಾತ್ರಿ ಹೊತ್ತಿಗೆ ಎಂಟೋ ಒಂಬತ್ತೋ ಗೀಟು ಇರುತ್ತವೆ.

ಮುಂದುವರಿಸಬಾರದ ದಿನ

ಇಲ್ಲಿಯವರೆಗೆ ಹೇಳಿದ್ದೆಲ್ಲ ಹೊರಗಿನ ಕಾರಣಕ್ಕೆ ನಿಂತ ವ್ಯಾಯಾಮಕ್ಕೆ. ಮೈಯೇ ನಿಲ್ಲಿಸಿದ್ದರೆ ಮಾತು ಬೇರೆ. ಬೆನ್ನಿನಲ್ಲಿ ಚಳುಕು ಹೊಡೆದು ಬಿಟ್ಟಿದ್ದರೆ, ಮೊಣಕಾಲಿನಲ್ಲಿ ಟಕ್ ಎಂದು ನೋವು ಬಂದಿದ್ದರೆ ಸಂಜೆ ಆ ಭಾಗಕ್ಕೆ ಭಾರ ಹಾಕಬೇಡಿ, ನೋವು ಹೋದಂತೆ ಅನಿಸಿದರೂ. ತಲೆ ಸುತ್ತಿ ಕೂತಿದ್ದರೆ, ಜ್ವರ ಬರುವಂತಿದ್ದರೆ ಆ ದಿನ ಮುಗಿಯಿತು.

ಎದೆಯಲ್ಲಿ ಬಿಗಿತ, ಎಡತೋಳಿಗೋ ದವಡೆಗೋ ಹರಿಯುವ ನೋವು, ಕಾರಣವಿಲ್ಲದ ಬೆವರು, ಉಸಿರು ಸಿಕ್ಕಿಕೊಂಡಂತಾಗುವುದು, ಇವುಗಳಲ್ಲಿ ಯಾವುದಿದ್ದರೂ ಸಂಜೆಯ ಪ್ರಶ್ನೆಯೇ ಇಲ್ಲ. ಆ ಕ್ಷಣವೇ ಆಸ್ಪತ್ರೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೃದಯಸ್ತಂಭನದಿಂದ ತೀರಿಕೊಂಡ ಮೇಲೆ ಕರ್ನಾಟಕದಲ್ಲಿ ಎಷ್ಟೋ ಮನೆಗಳಲ್ಲಿ "ಜಿಮ್ಮಿಗೆ ಹೋಗಬೇಡ" ಎಂಬ ಮಾತು ಹುಟ್ಟಿತು. ಹೃದಯ ತಪಾಸಣೆಗೆ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. ಆ ಭಯ ನನಗೆ ಅರ್ಥವಾಗುತ್ತದೆ. ವ್ಯಾಯಾಮ ಬಿಡುವುದು ಅದಕ್ಕೆ ಉತ್ತರವಲ್ಲ. ನಲವತ್ತು ದಾಟಿದವರು, ಮನೆತನದಲ್ಲಿ ಹೃದ್ರೋಗ ಇರುವವರು, ಬಿ.ಪಿ., ಸಕ್ಕರೆ ಇರುವವರು ಭಾರಕ್ಕೆ ಕೈ ಹಾಕುವ ಮುಂಚೆ ಒಮ್ಮೆ ತಪಾಸಣೆ ಮಾಡಿಸಿಕೊಳ್ಳಬೇಕು. ಎದೆಯ ಮಾತನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕಬಾರದು.

ದಿನವೂ ಹೀಗೆ ತುಂಡಾಗುತ್ತಿದ್ದರೆ ಅದು ತಡೆಯಲ್ಲ, ನಿಮ್ಮ ದಿನದ ಆಕಾರವೇ ಅದು. ಆಗ ಒಂದು ಗಂಟೆಯ ಪಟ್ಟಿಯನ್ನು ಹಿಡಿದುಕೊಂಡು ಕೊರಗುವುದಕ್ಕಿಂತ ಶುರುವಿನಲ್ಲೇ ಎರಡಾಗಿ ಬರೆದುಕೊಳ್ಳುವುದು ಮೇಲು: ಬೆಳಿಗ್ಗೆಗೆ ಕಾಲು, ಸಂಜೆಗೆ ಎದೆ-ಬೆನ್ನು. ಮುಖ್ಯವಾದದ್ದು ಯಾವಾಗಲೂ ಮೊದಲು ಇರಲಿ. ಮೂರು ಸೆಟ್ ಸ್ಕ್ವಾಟ್ ಆಗಿ ತೋಳಿನ ವ್ಯಾಯಾಮ ತಪ್ಪಿದರೆ ವಾರಕ್ಕೆ ಏನೂ ಆಗುವುದಿಲ್ಲ. ತೋಳು ತಿರುಗಿಸುತ್ತಾ ಕೂತು ಸ್ಕ್ವಾಟ್ ತಪ್ಪಿದರೆ ಆಗುತ್ತದೆ.

ನನ್ನ ವ್ಯಾಯಾಮದ ಪುಸ್ತಕ ಮಗನ ಹಳೆಯ ಶಾಲೆಯ ನೋಟ್‌ಬುಕ್ಕು, ನಾಲ್ಕು ಗೆರೆಯ ಕಾಪಿ. ಈಗ ಅಡ್ಡಗೆರೆ ಹೊಡೆಯುವುದನ್ನು ಬಿಟ್ಟಿದ್ದೇನೆ. ಹೊರಡುವ ಮುಂಚೆ, ಶೂ ಹಾಕಿಕೊಂಡೇ, ಎಲ್ಲಿ ನಿಂತಿತೆಂದು ಬರೆಯುತ್ತೇನೆ: ಸ್ಕ್ವಾಟ್ 5ಕ್ಕೆ 3, ಬೆಳಿಗ್ಗೆ 7.10. ಬರೆದಿಡದಿದ್ದರೆ ಸಂಜೆಗೆ ಅದು ಮೂರೋ ಎರಡೋ ಎಂಬ ಅನುಮಾನ ಬಂದು, ಅನುಮಾನವೇ ನೆಪವಾಗುತ್ತದೆ. ಮೊನ್ನೆಯ ಪುಟದಲ್ಲಿ ಆ ಸಾಲು ನೀಲಿ ಪೆನ್ನಿನಲ್ಲಿದೆ. ಅದರ ಕೆಳಗೆ, ಸಂಜೆ ಕೈಗೆ ಸಿಕ್ಕಿದ ಕೆಂಪು ಪೆನ್ನಿನಲ್ಲಿ: ಮತ್ತೆ ಬಿಸಿ ಮಾಡಿ 55, ಎರಡು ಸೆಟ್. ಬೆಂಚ್ ಮೂರು. ರೋ ಮೂರು. 7.25.